ಅಂಗೈಗೆ ಅಂಗೈ

ಕರ್ತನಿಗೆ ಸ್ತೋತ್ರ. ಈಸ್ಟರಿಗೆ ಮೊದಲಿನ ಲೆಂಟ್ ಉಪವಾಸದ ದಿನಗಳಲ್ಲಿ ಮಂಗಳೂರಿನಲ್ಲಿ ಸಭಾಪಾಲಕರ ಪತ್ನಿಯರಿಗೆ, ಸ್ತ್ರೀಯರ ಸಂಘ ನಡೆಸುವ ಅಕ್ಕಂದಿರಿಗೆ ಮೂರು ದಿನದ ರಿಟ್ರೀಟ್, ಅಂದರೆ ಧ್ಯಾನ-ತರಬೇತಿಯ ಶಿಬಿರ, ಇತ್ತು. ಏನೇನು ಕಲಿಸಿದರು ಎಂದು ಸಭೆಯಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ನಾನು ಮನೆಗೆ ಹೊತ್ತು ತಂದದ್ದು ಒಂದೇ ಪದ, ಅದೂ ನಮಗೆ ಹಳೆಯದೇ: ಸಮಾಧಾನ.

ತರಬೇತಿಯ ಹಾಳೆಯಲ್ಲಿ ‘ರಿಕನ್ಸಿಲಿಯೇಶನ್’ ಎಂದಿತ್ತು, ಮುರಿದವರು ಮತ್ತೆ ಒಂದಾಗುವುದು. ಕೊರಿಂಥದವರಿಗೆ ಪೌಲನು ಬರೆದ ಎರಡನೆಯ ಪತ್ರದ ಐದನೇ ಅಧ್ಯಾಯ ತೆಗೆದರೆ ನಮ್ಮ ಕನ್ನಡ ಸತ್ಯವೇದ ಅದಕ್ಕೆ ಸಮಾಧಾನ ಎನ್ನುತ್ತದೆ. ಅಳುವ ಮಗುವಿಗೆ ಮಾಡುವುದೂ ಅದನ್ನೇ, ಸಾವಿನ ಮನೆಯಲ್ಲಿ ಹೇಳುವುದೂ ಅದನ್ನೇ. ಪಾರ್ಸನೇಜಿನ, ಅಂದರೆ ಸಭಾಪಾಲಕರ ಮನೆಯ, ಹೆಂಗಸಿಗೆ ಇನ್ನೊಂದು ಅರ್ಥವೂ ಗೊತ್ತು. ಯಾರೋ ಏನೋ ಅಂದರು, ಮನಸ್ಸು ಮುರಿಯಿತು ಎಂದು ಬಾಯಿ ಬಿಟ್ಟರೆ ಸಾಕು, “ಸಮಾಧಾನ ಮಾಡ್ಕೊಳ್ಳಿ ಅಮ್ಮನವರೇ” ಎನ್ನುತ್ತಾರೆ. ನುಂಗಿಕೊಳ್ಳಿ ಎಂದರ್ಥ. ಇಪ್ಪತ್ತೆರಡು ವರ್ಷ, ಐದು ಸಭೆ, ನಾನು ಹೀಗೆ ನುಂಗಿದ್ದನ್ನೇ ದೇವರ ಸಮಾಧಾನ ಎಂದುಕೊಂಡಿದ್ದೆ.

ಎರಡನೇ ದಿನ ಇಬ್ಬಿಬ್ಬರನ್ನು ಎದುರುಬದುರು ಕೂರಿಸಿದರು. ಒಬ್ಬಳು ತನ್ನ ನೋವು ಹೇಳಬೇಕು. ಇನ್ನೊಬ್ಬಳು ಕೇಳಿ, ಕೇಳಿದ್ದನ್ನು ತಿರುಗಿ ಹೇಳಬೇಕು. ‘ಆದರೆ’ ಎಂಬ ಪದ ಬರಬಾರದು. ಸುಲಭ ಅನಿಸಿತು. ನನ್ನ ಬಾಯಲ್ಲಿ ಅದು ನಾಲ್ಕು ಸಲ ಬಂತು. ಊರಿನವರ ಗುಟ್ಟೆಲ್ಲ ಹೊಟ್ಟೆಯಲ್ಲಿಟ್ಟುಕೊಳ್ಳುವ ನಮಗೆ ಕೇಳುವುದು ಬರುತ್ತದೆ ಎಂಬ ಜಂಬ ಅಲ್ಲೇ ಇಳಿಯಿತು.

ಆಮೇಲೆ ಮೌನದ ಹೊತ್ತು. ಆಗ ಯಾಕೋ ಅತ್ತೆಯ ಅಂಗೈ ನೆನಪಾಯಿತು.

ಅವರೂ ಸಭಾಪಾಲಕರ ಪತ್ನಿಯಾಗಿದ್ದವರು. ಬಾವಿಯ ಹಗ್ಗ ಎಳೆದೆಳೆದು ಬೆರಳುಗಳ ಬುಡದಲ್ಲಿ ಸಾಲಾಗಿ ನಾಲ್ಕು ಗಂಟು ಕಟ್ಟಿದ್ದವು. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪವಿತ್ರ ಭೋಜನದ ಆರಾಧನೆಯಲ್ಲಿ ಒಬ್ಬರಿಗೊಬ್ಬರು ಕೈ ಹಿಡಿದು ಸಮಾಧಾನ ಕೊಡುವಾಗ ನನ್ನ ಪಕ್ಕದಲ್ಲಿ ಅವರೇ ಇರುತ್ತಿದ್ದರು. ಬಲ ಅಂಗೈಗೆ ಬಲ ಅಂಗೈ ತಾಗಿಸಿ, ಎಡಗೈಯಿಂದ ಒಬ್ಬರು ಇನ್ನೊಬ್ಬರ ಬಲಗೈ ಮುಚ್ಚುವುದು. ಆ ನಾಲ್ಕು ಗಂಟು ನನ್ನ ಅಂಗೈಗೆ ಒತ್ತುತ್ತಿದ್ದವು. ಮದುವೆಯಾದ ಹೊಸದರಲ್ಲಿ ಅವರಿಗೂ ನನಗೂ ಅಡುಗೆಮನೆಯಲ್ಲಿ ಸರಿಬರುತ್ತಿರಲಿಲ್ಲ. ಭೋಜನದ ಹಿಂದಿನ ಶನಿವಾರ ಸಂಜೆ ಸಿದ್ಧತೆಯ ಆರಾಧನೆ ಮುಗಿಸಿ ಬಂದು, ದೀಪ ಆರಿಸುವ ಮೊದಲು, “ನಿನಗೆ ನನ್ನ ಮೇಲೆ ಎಂಥದಾದರೂ ಉಂಟಾ?” ಎಂದು ಕೇಳುತ್ತಿದ್ದರು. ಸೊಸೆಯನ್ನು ಹಾಗೆ ಕೇಳಿದ ಅತ್ತೆಯನ್ನು ನಾನು ಬೇರೆ ಕಂಡಿಲ್ಲ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಮೊದಲು ಒಂದಾಗು ಎಂದು ಕರ್ತನು ಹೇಳಿದ್ದನ್ನು ಅವರು ಅಕ್ಷರಕ್ಕೆ ಅಕ್ಷರ ತೆಗೆದುಕೊಂಡಿದ್ದರು.

ಈಗ ಆ ಶನಿವಾರದ ಆರಾಧನೆ ನಮ್ಮಲ್ಲಿಲ್ಲ. 2020ರ ಕೊರೊನಾದಲ್ಲಿ ಕೈ ಮುಟ್ಟುವುದು ನಿಂತಿತು. ರೋಗ ಹೋಯಿತು, ಕೈ ತಿರುಗಿ ಬರಲೇ ಇಲ್ಲ. ಇದ್ದಲ್ಲೇ ನಿಂತು ಸುತ್ತಲೂ ಒಂದು ನಮಸ್ಕಾರ ಹಾಕಿದರೆ ಮುಗಿಯಿತು. ನಮಸ್ಕಾರ ಕೆಟ್ಟದ್ದೆನ್ನುವುದಿಲ್ಲ, ಯಾರ ಮುಖಕ್ಕೆ ಬಿತ್ತೆಂದು ಮಾತ್ರ ಗೊತ್ತಾಗುವುದಿಲ್ಲ. 1950ರಲ್ಲಿ ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಹೊಸ ಆರಾಧನಾ ಕ್ರಮ ತಂದಾಗ ಹಿರಿಯರು ಈ ಕೈ ಕೊಡುವ ಪದ್ಧತಿಯನ್ನು ಬೇಕೆಂದೇ ಸೇರಿಸಿದರು. ಸಿಎಸ್‌ಐ ಹುಟ್ಟಿದ್ದೇ ಬಿಷಪ್ ಇದ್ದ ಸಭೆಗಳೂ ಇಲ್ಲದ ಸಭೆಗಳೂ 1919ರಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಮಾತು ಶುರುಮಾಡಿ 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನಲ್ಲಿ ಒಂದಾದಾಗ. ಇಪ್ಪತ್ತೆಂಟು ವರ್ಷ ಹಿಡಿಯಿತು! ಅಷ್ಟು ಕಷ್ಟಪಟ್ಟು ಹಿಡಿದ ಕೈಯನ್ನು ನಾವು ಇಷ್ಟು ಸಲೀಸಾಗಿ ಬಿಟ್ಟೆವಲ್ಲ.

ನನಗೂ ಬಿಟ್ಟದ್ದೇ ಅನುಕೂಲವಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದಿನ ಬೆಳೆ ಹಬ್ಬದಲ್ಲಿ, ಸಭೆಯವರು ಕಾಣಿಕೆಯಾಗಿ ತಂದ ಬೆಳೆಯ ಏಲಂನಲ್ಲಿ, ನಾನು ಲೆಕ್ಕ ಬರೆಯುತ್ತಿದ್ದೆ. ನಮ್ಮ ಸಭೆಯ ಒಬ್ಬ ವಿಧವೆ ಬಾಳೆಗೊನೆ ತಂದಿದ್ದರು. ಯಾರೂ ಕೂಗಲಿಲ್ಲ. “ಸಣ್ಣ ಗೊನೆ, ಬದಿಗಿಡಿ, ಮುಂದಿನದು ತನ್ನಿ” ಎಂದೆ. ಮೈಕು ಪಕ್ಕದಲ್ಲೇ ಇತ್ತು. ಅಂದಿನಿಂದ ಅವರು ನನ್ನೊಡನೆ ಮಾತಾಡಿಲ್ಲ. ಗೊನೆಗೆಲ್ಲ ಇಷ್ಟು ಸಿಟ್ಟಾ ಎಂದು ನಾನೂ ಬಿಗಿದುಕೊಂಡೆ. ಭಾನುವಾರ ಬೇರೆ ಬೇರೆ ಬೆಂಚಿನಿಂದ ಇಬ್ಬರೂ ನಮಸ್ಕಾರ ಹಾಕಿ, ಒಂದೇ ರೊಟ್ಟಿ ಮುರಿದು ತಿಂದೆವು.

ಕೊನೆಯ ದಿನದ ಧ್ಯಾನಕ್ಕೆ ಅಬೀಗೈಲಳ ಕಥೆ. ಅವಳ ಗಂಡ ನಾಬಾಲನು ಅವಮಾನ ಮಾಡಿದ ಸಿಟ್ಟಿಗೆ ದಾವೀದನು 400 ಮಂದಿಗೆ ಕತ್ತಿ ಕಟ್ಟಿಸಿ ಬರುತ್ತಿದ್ದಾನೆ. ಅವಳು 200 ರೊಟ್ಟಿ, 5 ಕುರಿಗಳ ಮಾಂಸ, 200 ಅಂಜೂರದ ಉಂಡೆ ಕತ್ತೆಗಳ ಮೇಲೆ ಹೇರಿಸಿ ಎದುರು ಹೊರಡುತ್ತಾಳೆ. ಚಿಕ್ಕಂದಿನಿಂದ ಕೇಳಿದ ಕಥೆ. ಗಂಡನಿಗೆ ಹೇಳದೆ ಹೋದಳು ಎಂಬ ಮಾತು ಮಾತ್ರ ಅಂದು ಕಣ್ಣಿಗೆ ಬಿತ್ತು. ನಮ್ಮ ಯಜಮಾನರು ನಾಬಾಲರೇನಲ್ಲ, ಪಾಪ. ಆದರೂ ಹೇಳಿದ್ದರೆ “ಸಮಾಧಾನ ಮಾಡ್ಕೋ, ನಾನು ಮಾತಾಡ್ತೇನೆ” ಎನ್ನುತ್ತಿದ್ದರು.

ಊರಿಗೆ ಬಂದ ಮರುದಿನವೇ ಹೋದೆ. ಅವರು ಹಿತ್ತಿಲ ಕಲ್ಲಿನ ಮೇಲೆ ಕೂತು ಬಂಗುಡೆ ಸರಿಮಾಡುತ್ತಿದ್ದರು. ತಲೆ ಎತ್ತಲಿಲ್ಲ. ನಾನು ಮೆಟ್ಟಿಲ ಮೇಲೆ ಕೂತೆ. ಸುಮಾರು ಹೊತ್ತಾದ ಮೇಲೆ ಅವರೇ ಶುರುಮಾಡಿದರು. ಆ ಬಾಳೆಯ ಬುಡ ನೆಟ್ಟದ್ದು ಅವರ ಗಂಡ, ತೀರಿಕೊಳ್ಳುವ ಮೊದಲಿನ ಮಳೆಗಾಲದಲ್ಲಿ. ಅದರ ಮೊದಲ ಗೊನೆ ಅದು. ದೇವರಿಗೆಂದು ತಂದಿದ್ದರು.

“ಅವರು ನೆಟ್ಟ ಬಾಳೆಯ ಮೊದಲ ಗೊನೆ ದೇವರಿಗೆ ತಂದಿರಿ. ನಾನು ಮೈಕಿನಲ್ಲಿ ಸಣ್ಣದು, ಬದಿಗಿಡಿ ಎಂದೆ,” ಎಂದು ತಿರುಗಿ ಹೇಳಿದೆ. ‘ಆದರೆ’ ನಾಲಿಗೆಯ ತುದಿಗೆ ಬಂದಿತ್ತು. ನಿಲ್ಲಿಸಿದೆ.

ಅವರು ಕತ್ತಿ ಬದಿಗಿಟ್ಟರು. ನಾನು ಬಲಗೈ ಚಾಚಿದೆ.

“ಕೈಯೆಲ್ಲ ಮೀನು ಮಾರಾಯ್ರೆ,” ಎಂದು ಮುಂಗೈ ಮಡಚಿ ಮಣಿಕಟ್ಟು ಮುಂದೆ ಮಾಡಿದರು. ಅದನ್ನೇ ಎರಡೂ ಕೈಯಲ್ಲಿ ಹಿಡಿದುಕೊಂಡೆ. ತಣ್ಣಗಿತ್ತು, ಎರಡು ಮೂರು ಬಂಗುಡೆಯ ಪೊರೆ ಅಂಟಿದ್ದವು.