ಪಾಂಬನ್‌ನ ಹಳೆಯ ಸೇತುವೆ ನೋಡಿದ ಮಧ್ಯಾಹ್ನ

ರಾಮೇಶ್ವರಕ್ಕೆ ಹೋಗುವವರು ಪಾಂಬನ್ ರಸ್ತೆ ಸೇತುವೆಯ ಮೇಲೆ ಇಳಿದು ಕೆಳಗೊಮ್ಮೆ ಇಣುಕದೆ ಮುಂದೆ ಸಾಗುವುದಿಲ್ಲ. ನಾವೂ ಇಳಿದೆವು. ಜೊತೆಗಿದ್ದವರು ನನ್ನ ಸೋದರಮಾವ. ಹುಬ್ಬಳ್ಳಿಯಲ್ಲಿದ್ದುಕೊಂಡು ರೈಲ್ವೆ ಸೇತುವೆಗಳ ದುರಸ್ತಿಯಲ್ಲೇ ದುಡಿದು ನಿವೃತ್ತರಾದವರು. ಸುತ್ತಲಿನವರೆಲ್ಲ 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಹೊಸ ರೈಲು ಸೇತುವೆಯ ಫೋಟೊ ತೆಗೆಯುತ್ತಿದ್ದರು. ಮಾವನ ಕಣ್ಣು ಮಾತ್ರ ಅದರ ಮಗ್ಗುಲಲ್ಲಿ ತುಕ್ಕು ಹಿಡಿದು ನಿಂತ ಹಳೆಯದರ ಮೇಲಿತ್ತು.

“ಇಲ್ಲಿಂದ ಉಕ್ಕನ್ನು ಜೋಡಿಸಿದ ರಿವೆಟ್ ಮೊಳೆಗಳು ಕಾಣಿಸುವುದಿಲ್ಲ. ಒಂದೊಂದನ್ನೂ ಕೆಂಪಗೆ ಕಾಯಿಸಿ, ಬಿಸಿಯಿರುವಾಗಲೇ ಬಡಿದು ಕೂರಿಸಬೇಕು. ಕಡಲ ಮಧ್ಯೆ ನಿಂತು ಮಾಡಿದ್ದಾರೆ, ಯೋಚಿಸು” ಎಂದರು.

ಈ ಸೇತುವೆಯಲ್ಲಿ ರೈಲು ಓಡತೊಡಗಿದ್ದು 1914ರ ಫೆಬ್ರವರಿಯಲ್ಲಿ. ಉದ್ದ 2 ಕಿಲೋಮೀಟರಿಗಿಂತ ತುಸು ಹೆಚ್ಚು, 145 ಅಂಕಣಗಳು, ಅಂದರೆ ಕಂಬದಿಂದ ಕಂಬಕ್ಕೆ ಚಾಚಿದ ಭಾಗಗಳು. 1988ರಲ್ಲಿ ರಸ್ತೆ ಸೇತುವೆ ಬರುವ ತನಕ ಕಾಶಿ-ರಾಮೇಶ್ವರ ಯಾತ್ರೆಗೆ ಹೊರಟ ನಮ್ಮ ಹಿರಿಯರು ದ್ವೀಪ ಮುಟ್ಟುತ್ತಿದ್ದುದು ಇದರ ಮೇಲಿನ ರೈಲಿನಲ್ಲೇ. ನಡುವೆ ಹಡಗುಗಳಿಗೆ ದಾರಿ ಬಿಡಲು ತೆರೆದುಕೊಳ್ಳುವ ಭಾಗವೊಂದಿದೆ. ಷೆರ್ಜರ್ ಎಂಬ ಅಮೆರಿಕದ ಎಂಜಿನಿಯರನ ಹೆಸರು ಅದಕ್ಕೆ. ಎರಡು ಕಡೆಯ ಎರಡು ತೋಳುಗಳು ತೂಗುಕುರ್ಚಿಯ ಹಾಗೆ ಬಾಗಿದ ಬುಡದ ಮೇಲೆ ಹಿಂದಕ್ಕೆ ಉರುಳಿ ಮೇಲೇಳುತ್ತವೆ. ಹಿಂಬದಿಯ ಭಾರ ಮುಂದಿನ ತೋಳನ್ನು ಸರಿದೂಗಿಸುವುದರಿಂದ ಅಷ್ಟು ಉಕ್ಕನ್ನು ಆಳುಗಳು ಸನ್ನೆ ತಿರುಗಿಸಿಯೇ ಎತ್ತುತ್ತಿದ್ದರು. ಮೋಟಾರು ಬೇಕಿರಲಿಲ್ಲ! ನನಗೆ ಇದಕ್ಕಿಂತ ಸೊಗಸಾದ ಯಂತ್ರ ಬೇರೆ ಗೊತ್ತಿಲ್ಲ.

1964ರ ಡಿಸೆಂಬರಿನ ಚಂಡಮಾರುತದಲ್ಲಿ ಧನುಷ್ಕೋಟಿಯ ಬಳಿ ಪ್ಯಾಸೆಂಜರ್ ರೈಲೊಂದು ಜನರ ಸಮೇತ ಕೊಚ್ಚಿಹೋಯಿತು. ಸೇತುವೆಯಲ್ಲಿ ಹಳಿ ಹೊತ್ತ ಉಕ್ಕಿನ ತೊಲೆಗಳಾದ ಗರ್ಡರುಗಳಲ್ಲಿ ಹೆಚ್ಚಿನವು ಕಡಲು ಸೇರಿದವು. ಷೆರ್ಜರ್ ಭಾಗ ಉಳಿಯಿತು. ದುರಸ್ತಿಯ ಹೊಣೆ ಬಿದ್ದದ್ದು ಇ. ಶ್ರೀಧರನ್ ಎಂಬ ಯುವ ಎಂಜಿನಿಯರ್ ಮೇಲೆ. ಮೀನುಗಾರರ ನೆರವಿನಿಂದ ಮುಳುಗಿದ ಗರ್ಡರುಗಳನ್ನು ಹುಡುಕಿ, ಮೇಲೆತ್ತಿ, ಮತ್ತೆ ಕೂರಿಸಿ 46 ದಿನಗಳಲ್ಲಿ ರೈಲು ಓಡಿಸಿದರು. ಮುಂದೆ ಕೊಂಕಣ ರೈಲ್ವೆ ಕಟ್ಟಿಸಿ ಹೊನ್ನಾವರದಲ್ಲಿ ಶರಾವತಿಗೆ ಅಷ್ಟೇ ಉದ್ದದ ಸೇತುವೆ ಹಾಕಿಸಿದವರೂ ಅವರೇ. ನಮ್ಮ ಕರಾವಳಿಗೆ ಪಾಂಬನ್‌ನ ಋಣವಿದೆ ಎಂದು ನಾನು ನಂಬಿರುವುದು ಇದಕ್ಕೇ.

2022ರ ಡಿಸೆಂಬರಿನಲ್ಲಿ ಹಳೆಯ ಸೇತುವೆಯ ಮೇಲೆ ರೈಲು ನಿಂತಿತು. ಉಪ್ಪುಗಾಳಿ ಉಕ್ಕನ್ನು ತಿಂದುಹಾಕಿತ್ತು. ಈಗ ಅದನ್ನು ಕಳಚಲು ರೈಲ್ವೆ ನಿರ್ಧರಿಸಿದೆ.

ಇಂಗ್ಲೆಂಡಿನ ಸೆವರ್ನ್ ನದಿಯ ಮೇಲೆ 1779ರಲ್ಲಿ ಎದ್ದ ಎರಕದ ಕಬ್ಬಿಣದ ಸೇತುವೆಯ ಕಥೆಯನ್ನು ಮಾವನಿಗೆ ಹೇಳಿದೆ. 1934ರಲ್ಲೇ ಅಲ್ಲಿ ವಾಹನ ಸಂಚಾರ ನಿಲ್ಲಿಸಿದರೂ ಕೆಡವಲಿಲ್ಲ; ನಡೆದು ದಾಟುವವರಿಗೆ ಬಿಟ್ಟರು. ಕೆಲವು ವರ್ಷಗಳ ಹಿಂದೆ ದುರಸ್ತಿ ಮಾಡಿ, ಮೂಲದ ಕೆಂಗಂದು ಬಣ್ಣವನ್ನೇ ಬಳಿದರು.

“ಅದು ಸಿಹಿನೀರು, ಇದು ಕಡಲು” ಎಂದರು ಮಾವ. “ಇಡೀ ಸೇತುವೆ ಉಳಿಸುವುದು ಆಗದ ಮಾತು. ಮುರಿದು ಬಿದ್ದರೆ ಕೆಳಗೆ ಹೋಗುವ ದೋಣಿಯವರ ಗತಿಯೇನು?”

ಅವರ ಮಾತು ಒಪ್ಪಿದೆ. ಆದರೆ ಷೆರ್ಜರ್ ಭಾಗವನ್ನು ಗುಜರಿಗೆ ಹಾಕುವುದನ್ನು ನಾನು ಒಪ್ಪಲಾರೆ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಎಂಜಿನ್‌ಗಳನ್ನು ಅಕ್ಕರೆಯಿಂದ ಇಟ್ಟುಕೊಂಡಿದ್ದೇವಲ್ಲ. ಎಂಜಿನ್‌ಗೆ ಸಿಗುವ ಮರ್ಯಾದೆ ಸೇತುವೆಗೆ ಏಕಿಲ್ಲ? ಒಂದು ತೋಳನ್ನಾದರೂ ಅದರ ಹಲ್ಲುಗಾಲಿ, ಸನ್ನೆಗಳ ಸಮೇತ ಸೇತುವೆಯ ಈಚೆ ತುದಿಯ ಮಂಡಪಂ ದಡದ ಮೇಲೆ ನಿಲ್ಲಿಸಬೇಕು. ಶಾಲೆಯ ಮಕ್ಕಳು ತಿರುಗಿಸಿ ನೋಡುವಂತಿರಬೇಕು.

“ನಿಲ್ಲಿಸಬಹುದು” ಎಂದರು ಮಾವ. ರಾಮೇಶ್ವರ ತಲುಪುವವರೆಗೂ ಅದೇ ಲೆಕ್ಕಾಚಾರ ನಡೆಯಿತು: ಮೊದಲು ತುಕ್ಕು ಕೆರೆಯಬೇಕು, ಸವೆದ ತಗಡು ಬದಲಿಸಬೇಕು, ಪ್ರೈಮರ್ ಬಳಿದ ಮೇಲೆ ಬಣ್ಣ, ನೀರು ನಿಲ್ಲುವ ಸಂದುಗಳಿಗೆ ತೂತು, ಆಮೇಲೆ ಪ್ರತಿವರ್ಷ ಮಳೆಗಾಲ ಕಳೆದೊಡನೆ ತಪಾಸಣೆ. ಬಣ್ಣದ ಹಣವನ್ನು ಮೊದಲೇ ತೆಗೆದಿಡದಿದ್ದರೆ ಸಾಗಿಸುವ ಗೋಜಿಗೇ ಹೋಗಬಾರದು ಎನ್ನುವುದು ಅವರ ಖಚಿತ ಷರತ್ತು.