ನೀರಿನ ದಾರಿಯಲ್ಲಿ ಎತ್ತಿದ ಗೋಡೆ

1999ರಲ್ಲಿ ನಮ್ಮ ತಂದೆಯವರು ಬೆಂಗಳೂರಿನ ಬೆಳ್ಳಂದೂರಿನ ಕಡೆ ಸೈಟು ಕೊಂಡು ಪಾಯ ತೋಡಿಸುತ್ತಿದ್ದಾಗ, ಹಿಂದೆ ಆ ಊರಿನ ನೀರುಗಂಟಿಯಾಗಿ ಕೆರೆಯ ನೀರು ಬಿಡುವುದನ್ನು ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ದಿನವೂ ಬಂದು ನೋಡುತ್ತಾ ನಿಲ್ಲುತ್ತಿದ್ದರು. ಒಂದು ದಿನ ಅವರು ಊರುಗೋಲಿನ ತುದಿಯಿಂದ ಗುಂಡಿಯ ಅಂಚನ್ನು ಕೆದಕಿ, ಒಳಗಿದ್ದ ನುಣುಪಾದ ಕಪ್ಪು ಹೂಳನ್ನು ತೋರಿಸಿ, ‘ಸ್ವಾಮಿ, ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಹರಿಯೋ ಜಾಗ ಇದು. ನೀವು ಮರೆತರೂ ನೀರು ಮರೆಯಲ್ಲ’ ಎಂದರು. ‘ಕಾಗದಪತ್ರ ಎಲ್ಲ ಸರಿಯಾಗಿದೆ, ಇಂಜಿನಿಯರೂ ನೋಡಿದ್ದಾರೆ’ ಎಂದು ತಂದೆಯವರು ಉತ್ತರಿಸಿದರು. ಆಗಿನ್ನೂ ಕಾಲೇಜಿನಲ್ಲಿದ್ದ ನನಗೆ ಆ ಉತ್ತರ ಕೇಳಿ ಹೆಮ್ಮೆಯೆನಿಸಿತ್ತು.

2022ರ ಸೆಪ್ಟೆಂಬರ್ ಮೊದಲ ವಾರದ ಆ ರಾತ್ರಿ, ಹೊರವರ್ತುಲ ರಸ್ತೆಯೇ ಮುಳುಗಿದ್ದಾಗ, ನಮ್ಮ ನಡುಮನೆಗೆ ಮೊಣಕಾಲಿನವರೆಗೆ ನೀರು ಬಂತು. ಸಂಪಿನೊಳಗೆ ಚರಂಡಿಯ ನೀರು ಸೇರಿತು. ಕೆಟ್ಟ ಮೇಲೆ ಬುದ್ಧಿ ಬಂತು ಎಂಬ ಗಾದೆಯಿದೆಯಲ್ಲ, ಅದರ ಮೇಲೆ ನನಗೆ ನಂಬಿಕೆ ಹೋದದ್ದು ಅದರ ಮುಂದಿನ ತಿಂಗಳು. ಏಕೆಂದರೆ ಕೆಟ್ಟ ಮೇಲೂ ನಮಗೆ ಬುದ್ಧಿ ಬರಲಿಲ್ಲ. ಕಾಂಪೌಂಡನ್ನು ಮೂರು ಅಡಿ ಎತ್ತರಿಸಿ, ಗೇಟಿನ ಬುಡಕ್ಕೆ ಕಾಂಕ್ರೀಟಿನ ದಿಬ್ಬ ಹಾಕಿಸಿದೆವು. ಖರ್ಚು ಕೊಟ್ಟವನು ನಾನೇ.

ಈ ಊರಿನ ಕತೆಯೂ ಬೇರೆಯಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿರುವ, ವರ್ಷವಿಡೀ ಹರಿಯುವ ನದಿಯೊಂದೂ ಹತ್ತಿರವಿಲ್ಲದ ಬೆಂಗಳೂರಿನಲ್ಲಿ ಜನ ಬಾಳಿದ್ದು, ಒಂದು ಕೆರೆಯ ಕೋಡಿಯ ನೀರು ಮುಂದಿನ ಕೆರೆಗೆ ಇಳಿಯುವಂತೆ ಕಟ್ಟಿದ ಸಾಲುಕೆರೆಗಳ ಬಲದಿಂದ. ಆ ಏರ್ಪಾಡು ಉಳಿಯಬೇಕಾದರೆ ಬೇಸಿಗೆ ಬಂದಾಗಲೆಲ್ಲ ಹೂಳು ತೆಗೆಯಬೇಕು, ಏರಿಗೆ ಮಣ್ಣು ಹಾಕಬೇಕು, ತೂಬನ್ನು ಯಾವಾಗ ಎಷ್ಟು ಎತ್ತಬೇಕೆಂದು ತಿಳಿದವನೊಬ್ಬ ಇರಬೇಕು. ವಿವೇಕದ ಕಷ್ಟ ಇಲ್ಲಿದೆ ಎಂದು ನನಗೆ ತೋರುತ್ತದೆ. ಅದನ್ನು ಒಮ್ಮೆ ಮಾಡಿ ಮುಗಿಸಲಾಗುವುದಿಲ್ಲ, ಪ್ರತಿವರ್ಷ ಮತ್ತೆ ಮಾಡಬೇಕು. ಚೆನ್ನಾಗಿ ಮಾಡಿದರೆ ಏನೂ ಆಗುವುದಿಲ್ಲ, ಏನೂ ಆಗದಿದ್ದುದಕ್ಕೆ ಯಾರೂ ಹಾರ ಹಾಕುವುದಿಲ್ಲ. ಹೂಳೆತ್ತಿದವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಕೆರೆ ಮುಚ್ಚಿ ಕಟ್ಟಿದ್ದಕ್ಕಾದರೋ ಉದ್ಘಾಟನೆಯ ಫಲಕವಿರುತ್ತದೆ.

ಆಮೇಲೆ ಊರಿಗೆ 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯಿಂದ, 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯದಿಂದ, 1974ರಿಂದ ಕಾವೇರಿಯಿಂದ ನೀರು ಬಂತು. ನೂರು ಕಿಲೋಮೀಟರ್ ದೂರದ ನದಿಯನ್ನು ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ಕುಡಿಯಬಲ್ಲೆವೆಂದಾದ ಮೇಲೆ ಕಣ್ಣೆದುರಿನ ಕೆರೆಯ ಹಂಗು ನಮಗೆ ಉಳಿಯಲಿಲ್ಲ. ಧರ್ಮಾಂಬುಧಿ ಕೆರೆ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಕರಗದ ಪೂಜೆಗೆಂದು ಅದರದೊಂದು ಚಿಕ್ಕ ತುಂಡು ಮಾತ್ರ ಉಳಿಯಿತು. (ಅಷ್ಟನ್ನಾದರೂ ಉಳಿಸಿದ್ದು ಭಕ್ತಿ, ಯೋಜನೆಯಲ್ಲ, ಇದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ.) ತಿಳಿಸಿ ಹೇಳುವವರು ಇರಲಿಲ್ಲವೆನ್ನುವಂತೆಯೂ ಇಲ್ಲ. 1980ರ ದಶಕದಲ್ಲೇ ಎನ್. ಲಕ್ಷ್ಮಣರಾವ್ ಅವರ ಸಮಿತಿ, ಇನ್ನು ಕೆರೆಗಳನ್ನು ಒಡೆಯಬಾರದು, ಕೆರೆಗಳನ್ನು ಉಳಿಸಿಕೊಳ್ಳಬೇಕು ಎಂದು ಸರ್ಕಾರಕ್ಕೆ ಬರೆದುಕೊಟ್ಟಿತ್ತು. ಆಮೇಲೂ, 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದ ಕೆರೆಯಂಗಳದಲ್ಲಿ ವಸತಿ ಕಟ್ಟಡಗಳು ಎದ್ದವು. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ, ಅದರ ಮೇಲೆ ಬೆಂಕಿಯೂ ಹತ್ತಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಹಾಗಾದರೆ ತಪ್ಪು ಏಕೆ ಇಷ್ಟು ಬಾಳುತ್ತದೆ? ತಿಳಿವಳಿಕೆಯ ಕೊರತೆ ಕಾರಣವೆಂದು ನಾನು ಒಪ್ಪಲಾರೆ. ತಿಳಿವಳಿಕೆ ನಮ್ಮ ಪಾಯದ ಗುಂಡಿಯ ಪಕ್ಕದಲ್ಲೇ ಕೋಲು ಹಿಡಿದು ನಿಂತಿತ್ತು. ನೀರುಗಂಟಿಯ ಅರಿವು ಅವರ ಕೈಯಲ್ಲಿತ್ತು, ಅವರೊಡನೆಯೇ ಹೋಯಿತು. ನಮ್ಮ ತಪ್ಪು ಕಬ್ಬಿಣ, ಸಿಮೆಂಟಿನಲ್ಲಿದೆ. ಅದರ ಮೇಲೆ ಸಾಲವಿದೆ, ಖಾತೆಯಿದೆ, ಬಾಗಿಲಿನ ಮೇಲೆ ಅಮ್ಮನ ಹೆಸರಿದೆ. ಅದನ್ನು ತಪ್ಪೆಂದರೆ ತಂದೆಯವರ ಇಡೀ ಜೀವಮಾನದ ಗಳಿಕೆಯನ್ನೇ ತಪ್ಪೆಂದ ಹಾಗಾಗುತ್ತದೆ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ಮೊದಲು ನಾನು ಬರೀ ಜಂಬದವರೆಂದುಕೊಂಡಿದ್ದೆ. ಆ ಮಾತಿನ ಒಳಗೆ ಎಷ್ಟು ಭಯವಿರುತ್ತದೆಂದು ಈಗ ಅರ್ಥವಾಗುತ್ತಿದೆ. ಜೊತೆಗೆ, ಮಾಡಿದ ತಪ್ಪಿನ ನೋವು ಮಾಡಿದವನಿಗೇ ತಟ್ಟುವುದು ಅಪರೂಪ. ತಟ್ಟುತ್ತಿದ್ದರೆ ಬಹುಶಃ ಬೇಗ ತಿದ್ದಿಕೊಳ್ಳುತ್ತಿದ್ದೆವು.

ಮೊನ್ನೆಯ ಮಳೆಯಲ್ಲಿ ನಮ್ಮ ಅಂಗಳ ಒದ್ದೆಯಾಯಿತೇ ಹೊರತು ಮನೆಯೊಳಕ್ಕೆ ನೀರು ಬರಲಿಲ್ಲ. ಬೆಳಿಗ್ಗೆ ಹೊರಗೆ ಬಂದಾಗ ಪಕ್ಕದ ಮನೆಯ ಅಜ್ಜಿ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು, ಅಕ್ಕಿಯ ಡಬ್ಬವನ್ನು ಮೆಟ್ಟಿಲ ಮೇಲಿಟ್ಟು, ಮನೆಯ ಕೆಸರನ್ನು ಮೊರದಿಂದ ಎತ್ತಿ ಹಾಕುತ್ತಿದ್ದರು. ಅವರ ಗೋಡೆಯ ಮೇಲೆ ನೀರಿನ ಗೆರೆ ಹಿಂದಿಗಿಂತ ಒಂದು ಗೇಣು ಮೇಲಿತ್ತು. ‘ನಿಮ್ಮ ಕಡೆ ಏನೂ ಆಗಲಿಲ್ಲವಲ್ಲ ಮಗ, ಒಳ್ಳೇದಾಯ್ತು’ ಎಂದರು. ಒಳಗೆ ಬಂದಾಗ ತಂದೆಯವರು, ಗೋಡೆ ಎತ್ತರಿಸಿದ್ದು ಎಷ್ಟು ಒಳ್ಳೆಯದಾಯಿತು ನೋಡು ಎಂದರು. ಅದನ್ನು ಇಳಿಸಬೇಕು ಎಂಬ ಮಾತು ನಾಲಗೆಯವರೆಗೆ ಬಂದಿತ್ತು; ಇನ್ನೂ ಅವರಿಗೆ ಹೇಳಿಲ್ಲ.