ವಾರ್ತೆ ಬಂದಾಗ ಮಾತ್ರ

ಬೆಳಿಗ್ಗೆ ಕಾಫಿ ಕುಡಿಯುತ್ತಾ ಆಕಾಶವಾಣಿ ಹಾಕಿದ್ದೆ. "ವಾರ್ತೆಗಳು, ಓದುತ್ತಿರುವವರು..." ಅಂತ ಕೇಳಿದ ಕೂಡಲೇ ಅಜ್ಜ ನೆನಪಾದರು. ರೇಡಿಯೋದಲ್ಲಿ ಹೇಳಿದರು ಅಂದರೆ ಅವರಿಗೆ ಮುಗಿಯಿತು, ಮತ್ತೆ ಮಾತಿಲ್ಲ.

ಆ ನಂಬಿಕೆಗೆ ದೊಡ್ಡ ಪೆಟ್ಟು ಬಿದ್ದಿದ್ದು ತುರ್ತು ಪರಿಸ್ಥಿತಿಯಲ್ಲಿ. 1975ರ ಜೂನ್ 26ರ ಬೆಳಿಗ್ಗೆ ಇಂದಿರಾ ಗಾಂಧಿಯವರು ಅದನ್ನು ದೇಶಕ್ಕೆ ತಿಳಿಸಿದ್ದೂ ಇದೇ ರೇಡಿಯೋದಲ್ಲಿ, ಆಮೇಲೆ ಕೇಳಿಸಿದ್ದೆಲ್ಲ ಸರ್ಕಾರದ ಮಾತೇ, ಜೈಲಿಗೆ ಹೋದವರ ದನಿಗೆ ಅಲ್ಲಿ ಜಾಗ ಇರಲಿಲ್ಲ. ಜನ 'ಆಲ್ ಇಂದಿರಾ ರೇಡಿಯೋ' ಅಂತ ಕರೆದರು. ನಿಜ ಏನು ಅಂತ ತಿಳಿಯಲು ಬಿಬಿಸಿ ಕಡೆ ತಿರುಗಿದರು.

ನನಗೆ ಬೇಜಾರು ಜಾಸ್ತಿ, ಯಾಕೆಂದರೆ ಆಕಾಶವಾಣಿ ಅನ್ನುವ ಹೆಸರೇ ನಮ್ಮ ಮೈಸೂರಿನದು ಅಲ್ವಾ, 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದ ಬಾನುಲಿಯದು. ಆಕಾಶವಾಣಿ ಸರ್ಕಾರದ ಹಿಡಿತದಲ್ಲಿ ಇರಬಾರದು, ಪ್ರಸಾರ ಭಾರತಿ ಅನ್ನುವ ಸ್ವಾಯತ್ತ ಸಂಸ್ಥೆ ಅದನ್ನು ನಡೆಸಲಿ ಅಂತ ಕಾನೂನು 1990ರಲ್ಲಿ ಬಂತು, ಜಾರಿಯಾಗಿದ್ದು 1997ರಲ್ಲಿ. ಆದರೂ ದುಡ್ಡು ಬಹುಪಾಲು ಸರ್ಕಾರದ್ದೇ. ಯಾವ ಪಕ್ಷ ಬಂದರೂ ಕೇಳುವವರ ಅನುಮಾನ ಹೋಗಿಲ್ಲ. ಖಾಸಗಿ ಎಫ್‌ಎಂಗಳು ಸ್ವಂತ ಸುದ್ದಿ ಓದುವ ಹಾಗೂ ಇಲ್ಲ.

ಕೃಷಿರಂಗ, ಹವಾಮಾನ ಇವತ್ತಿಗೂ ಕಣ್ಣು ಮುಚ್ಚಿ ನಂಬುತ್ತೇನೆ. ವಾರ್ತೆ ಬಂದಾಗ ಮಾತ್ರ, ಇನ್ನೊಂದು ಕಡೆಯವರು ಏನು ಹೇಳಿದರು ಅಂತ ಮೊಬೈಲ್ ತೆಗೆದು ನೋಡುತ್ತೇನೆ.